ಅಜ್ಜಿ ಕಟ್ಟಿದ ಅರಿಶಿನದ ಗಂಟು

ಅರಿಶಿನ ಬೇಯುವ ವಾಸನೆ ಎಲ್ಲಿಂದ ತೇಲಿ ಬಂದರೂ ತೆರಕಣಾಂಬಿಯ ನಮ್ಮ ಹಿತ್ತಲು ಕಣ್ಣೆದುರು ಬರುತ್ತದೆ: ಕಲ್ಲಿನ ಒಲೆ, ಕೊಪ್ಪರಿಗೆಯಿಂದೇಳುವ ಮಣ್ಣುವಾಸನೆಯ ಹಬೆ, ಮೊಣಕೈವರೆಗೂ ಹಳದಿಯಾದ ಅಜ್ಜಿಯ ಕೈಗಳು. ಆ ಮನೆ ಈಗಿಲ್ಲ. ಪಾಲಾಗಿ, ಕೆಡವಿ, ಅಲ್ಲೊಂದು ಗೋದಾಮು ಎದ್ದಿದೆ. ಅಂಥದೊಂದು ಹಿತ್ತಲನ್ನು ನೀವೂ ಕಳೆದುಕೊಂಡಿರಬಹುದು. ನೀವು ನೆನೆದು ನಿಟ್ಟುಸಿರಿಡುತ್ತೀರಿ. ನಾನು ತಲೆ ತಗ್ಗಿಸುತ್ತೇನೆ.

ಐವತ್ತರ ದಶಕದ ಕೊನೆ. ಚಾಮರಾಜನಗರದಲ್ಲಿ ನೆಂಟರ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಸೊಕ್ಕು ಮೈತುಂಬ ಇತ್ತು. ರಜೆಗೆ ಊರಿಗೆ ಬಂದಾಗ ಪರದೇಶದವರ ಸಿನಿಮಾ ವ್ಯಾನು ಬಂತು. ತಮ್ಮ ದೇಶದ ಹೊಲ, ಹಸು, ನಗುವ ಮಕ್ಕಳನ್ನು ಪುಕ್ಕಟೆ ತೋರಿಸಿ ನಮ್ಮ ಸ್ನೇಹ ಸಂಪಾದಿಸುವುದು ಅವರ ಕೆಲಸ. ಇದೆಲ್ಲ ಬರೀ ಪ್ರಚಾರ ಎಂದು ನಾನು ವಾದಿಸುತ್ತಿದ್ದೆ. ಅದು ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಮಧ್ಯಾಹ್ನ ಆ ವ್ಯಾನಿನ ಬಿಳಿ ಹೆಂಗಸು ನೀರು ಬೇಕೆಂದು ಸನ್ನೆ ಮಾಡುತ್ತಾ ನಮ್ಮ ಜಗಲಿಗೆ ಬಂದಳು. ಅಜ್ಜಿ ಮಜ್ಜಿಗೆ ಕೊಟ್ಟು, ಬಿಸಿಲಿಗೆ ಕೆಂಪಾಗಿದ್ದ ಅವಳ ಕೆನ್ನೆ ಸವರಿ, ಒಳ್ಳೊಳ್ಳೆಯ ಅರಿಶಿನದ ಕೊಂಬು ಆರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು.

"ಇದ ಅವಳವ್ವಂಗೆ ಕೊಡಾಕೇಳಮ್ಮಿ. ಮಗಳ ಇಷ್ಟು ದೂರ ಕಳಿಸ್ಬುಟ್ಟು ಆ ತಾಯಿ ಎಂಗವ್ಳೋ."

ಏನನ್ನುತ್ತಿದ್ದಾರೆ ಎಂದು ಹೆಂಗಸು ನನ್ನತ್ತ ತಿರುಗಿದಳು. ಇಂಗ್ಲಿಷು ನಾಲಗೆಯ ತುದಿಯಲ್ಲಿ ಕಾದಿತ್ತು. "ಬಾಂಬು ಮಾಡುವವರು ನಮಗೇಕೆ ಹಸು ತೋರಿಸುತ್ತೀರಿ ಅಂತ ಕೇಳುತ್ತಿದ್ದಾರೆ" ಎಂದುಬಿಟ್ಟೆ.

ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ನಗುತ್ತಲೇ ಗಂಟು ಚಾಚಿದ್ದಳು. ಆ ನಗೆಯನ್ನು ಕುಹಕವೆಂದುಕೊಂಡಳೋ ಏನೋ, ಅರ್ಧ ಕುಡಿದ ಲೋಟ ಇಟ್ಟು, ಕೈಮುಗಿದು, ಹಿಂತಿರುಗಿ ನೋಡದೆ ಹೊರಟುಹೋದಳು. ವ್ಯಾನು ತುಂಬ ರೀಲು ತಂದರೂ ಅವರಿಗೆ ಸಿಗದಿದ್ದ ಸ್ನೇಹ ನಮ್ಮ ಜಗಲಿಯಲ್ಲಿ ಹುಟ್ಟಿತ್ತು. ಒಂದೇ ವಾಕ್ಯದಲ್ಲಿ ಅದನ್ನು ಕೊಂದೆ.

"ಯಾಕಮ್ಮಿ ಒಂಟೋದ್ಲು?"

"ಹೊತ್ತಾಯ್ತಂತೆ."

"ಸುಳ್ಳೇಳ್ಬ್ಯಾಡ ಕಣಮ್ಮಿ. ಈ ಅರಿಸ್ನದ ಕೈಲಿ ಮುಟ್ಬುಟ್ಟೆ, ಅದಕೇಯ."

ಅಲ್ಲ ಎನ್ನಬಹುದಿತ್ತು. ಹಾಗೆಂದಿದ್ದರೆ ನಿಜವನ್ನೂ ಹೇಳಬೇಕಾಗುತ್ತಿತ್ತು. ಅಜ್ಜಿ ಹಿತ್ತಲಿಗೆ ಹೋಗಿ ಸೀಗೆಪುಡಿ ಹಾಕಿ ಕೈ ಉಜ್ಜತೊಡಗಿದಳು. ಸಂಜೆ ಸಿನಿಮಾಕ್ಕೆ ಬರಲಿಲ್ಲ.

ವರ್ಷಗಳಾದ ಮೇಲೆ ಕಾಲೇಜಿನ ಗೆಳತಿಯೊಬ್ಬಳನ್ನು ಮನೆಗೆ ಕರೆದೊಯ್ದೆ. ಅಜ್ಜಿ ಮಜ್ಜಿಗೆಯ ಲೋಟವನ್ನು ಅವಳ ಕೈಗೆ ಕೊಡದೆ ನೆಲದ ಮೇಲಿಟ್ಟಳು. ನಾಲ್ಕು ಹೆಜ್ಜೆ ಹಿಂದೆ ಸರಿದು, ಹಳದಿ ಅಂಟಿದ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು, ನಗುತ್ತಾ ನಿಂತಳು.