ವಿಷ್ಣುಕ್ರಾಂತಿಗೆ ಬಂದ ಅತಿಥಿಗಳು

ಹುಲ್ಲನ್ನು ಯಾರಾದರೂ ಕಸ ಎಂದರೆ ಧಾರಿಣಿಗೆ ಮೈ ಉರಿಯುತ್ತಿತ್ತು. ರಾಣೆಬೆನ್ನೂರಿನ ಹುಲ್ಲುಗಾವಲು ನೋಡುತ್ತಾ ಬೆಳೆದವಳು. ಈಗ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಅವಳಿದ್ದ ಅಪಾರ್ಟ್‌ಮೆಂಟಿನ ಹಿಂದೆ, ಬಿಲ್ಡರ್ ಈಜುಕೊಳ ಕಟ್ಟುತ್ತೇನೆಂದು ಹೇಳಿ ಮರೆತ ಜಾಗದಲ್ಲಿ, ಮಳೆ ಬಿದ್ದರೆ ತುಂಬೆ, ವಿಷ್ಣುಕ್ರಾಂತಿ ಹೂ ಬಿಡುತ್ತಿದ್ದವು. ಬೀಜ ಕಟ್ಟುವ ಮೊದಲೇ ಯಂತ್ರ ಬಂದು ಎಲ್ಲ ಬೋಳಿಸಿ ಹೋಗುತ್ತಿತ್ತು. ಧಾರಿಣಿ ಅವರಿವರ ಬೆನ್ನುಬಿದ್ದು ಯಂತ್ರ ನಿಲ್ಲಿಸಿ, ಸುತ್ತ ಹಗ್ಗದ ಬೇಲಿ ಹಾಕಿಸಿದಳು. ಜನ ಮಾತ್ರ ನಾಯಿ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಕೆಳಗಿನ ಮನೆಯ ಚೌಧರಿ ಆಂಟಿ ಬಗ್ಗಿ ನೋಡಿ ಕೇಳಿದರು, "ಬೇಟಾ, ಈ ನೀಲಿ ಹೂವಿನ ಹೆಸರೇನು?"

"ನಮ್ಮಲ್ಲಿ ವಿಷ್ಣುಕ್ರಾಂತಿ ಅಂತಾರೆ, ಆಂಟಿ."

ಆಂಟಿಗೆ ವಿಷ್ಣು ಕೇಳಿಸಿತು, ಕ್ರಾಂತಿ ಕೇಳಿಸಲಿಲ್ಲ. ತಟ್ಟನೆ ಚಪ್ಪಲಿ ಬಿಟ್ಟರು. ಸಂಜೆಯ ಹೊತ್ತಿಗೆ ಬೇಲಿಗೆ ಕೆಂಪು ದಾರ ಬಿತ್ತು, ಊದಿನಕಡ್ಡಿ ಹೊಗೆಯಾಡಿತು. ನಾಯಿಗಳು ಬೇರೆ ದಾರಿ ಹಿಡಿದವು.

"ಅದು ಬರೀ ಗಿಡ ಅಂತ ಹೇಳಬಾರದಾ?" ಎಂದ ಗಂಡ ಶ್ರೀವತ್ಸ.

"ಹೇಳಿದೆ. ಪ್ರಸಾದ ಕೊಟ್ಟು ಕಳಿಸಿದರು."

ದೀಪಾವಳಿ ಕಳೆಯಿತು, ಬೀಜಗಳೆಲ್ಲ ಉದುರಿದವು. ಈಗ ಕೊಯ್ಯದಿದ್ದರೆ ಎತ್ತರದ ಹುಲ್ಲು ಒಣಗಿ ಮಲಗಿ, ಮುಂದಿನ ಮಳೆಗಾಲಕ್ಕೆ ಸಣ್ಣ ಗಿಡಗಳಿಗೆ ಬಿಸಿಲೇ ಸಿಗುವುದಿಲ್ಲ. ಧಾರಿಣಿ ಕುಡುಗೋಲು ಹಿಡಿದು ಹೋದಳು. ಆಂಟಿ ಅಡ್ಡ ನಿಂತರು.

"ಭಗವಂತನ ಹುಲ್ಲು ಕೊಯ್ತೀಯಾ?"

ಬೇರು, ಬೀಜ, ಬಿಸಿಲು ಎಂದು ಎಷ್ಟು ಪಾಠ ಹೇಳಿದರೂ ಆಂಟಿ ಕದಲಲಿಲ್ಲ. ಕೊನೆಗೆ ಧಾರಿಣಿಗೆ ಊರಿನ ರೂಢಿ ನೆನಪಾಯಿತು. ಅಲ್ಲಿ ಬೀಜ ಉದುರಿದ ಮೇಲೆ ದನ ಬಿಡುತ್ತಿದ್ದರು.

"ಅಚ್ಛಾ, ಹಸು ಮೇಯಬಹುದಾ ಆಂಟಿ?"

"ಹಸು ತಿಂದರೆ ಪುಣ್ಯ ಕಣಮ್ಮಾ!"

ಪಕ್ಕದ ಹಳ್ಳಿಯ ರಾಮರತಿ ಭಾನುವಾರ ತನ್ನ ಹಸುಗಳನ್ನು ಹೊಡೆದುಕೊಂಡು ಬಂದಳು. ಗೇಟಿನ ಕಾವಲುಗಾರನ ಆ್ಯಪ್‌ನಲ್ಲಿ ಅತಿಥಿ, ಕ್ಯಾಬ್, ಡೆಲಿವರಿ ಬಿಟ್ಟರೆ ಬೇರೆ ಆಯ್ಕೆಯಿರಲಿಲ್ಲ. ಅವನು ಮನೆಗೆ ಫೋನ್ ಮಾಡಿದ. ಎತ್ತಿದವನು ಶ್ರೀವತ್ಸ.

"ಸಾರ್, ನಿಮ್ಮ ಮನೆಗೆ ನಾಲ್ವರು ಅತಿಥಿಗಳು. ಒಬ್ಬರಿಗೆ ಕೊಂಬು ಮುರಿದಿದೆ. ಒಳಗೆ ಬಿಡಲಾ?"

"ಬಿಡು ಭಯ್ಯಾ," ಎಂದು ಶ್ರೀವತ್ಸ ಕಿಟಕಿಯ ಪರದೆ ಎಳೆದ.

ಹಸುಗಳು ಚೆನ್ನಾಗಿಯೇ ಮೇಯುತ್ತಿದ್ದವು. ಆಂಟಿ ರೊಟ್ಟಿ, ಬೆಲ್ಲ ತಂದು ತಿನ್ನಿಸತೊಡಗಿದ ಮೇಲೆ ಅವಕ್ಕೆ ಹುಲ್ಲು ರುಚಿಸದಾಯಿತು. ಹೊಟ್ಟೆ ತುಂಬಿದ ಒಂದು ಹಸು ನೆಲಮಾಳಿಗೆಗೆ ಇಳಿದು ಶ್ರೀವತ್ಸನ ಕಾರಿಗೆ ಅಡ್ಡ ಮಲಗಿತು. ಧಾರಿಣಿ ಕೈಮುಗಿದು ಆಂಟಿಯನ್ನು ಮನೆಗೆ ಕಳಿಸಿದ ಮೇಲಷ್ಟೇ ಕೆಲಸ ಮುಗಿಯಿತು.

ಮರುವರ್ಷ ವಿಷ್ಣುಕ್ರಾಂತಿ ಬೇಲಿ ದಾಟಿ ಮಕ್ಕಳ ಜಾರುಬಂಡೆಯವರೆಗೂ ಹಬ್ಬಿತು. ಹೊಸದಾಗಿ ಬಂದ ಬಾಡಿಗೆದಾರನೊಬ್ಬ ನಿವಾಸಿಗಳ ಸಭೆಯಲ್ಲಿ ಇದೇನು ಕಸ ಎಂದು ಎಲ್ಲರೆದುರು ಕೂಗಾಡಿದ. ಆಂಟಿ ಸೆರಗು ಸಿಕ್ಕಿಸಿ ಎದ್ದರು. ಧಾರಿಣಿ ಹಿಂದಿನ ಕುರ್ಚಿಯಲ್ಲಿ ಕೂತು ನೆಮ್ಮದಿಯಾಗಿ ಸಮೋಸ ತಿಂದಳು.