ಬಿಸಿಲಿಗಿಟ್ಟ ಮೀಟರು

ಕಳೆದ ವಾರ ಇಂಡಿ ಕಡೆಯ ದ್ರಾಕ್ಷಿ ತೋಟದವರೊಬ್ಬರು ನನ್ನ ಅಂಗಡಿಗೆ ಒಂದು ಪಿಎಚ್ ಮೀಟರ್ ತಂದರು. ಬಳ್ಳಿಗೆ ಕೀಟದ ಎಣ್ಣೆ ಹೊಡೆಯುವ ಮೊದಲು ನೀರು ಹುಳಿಯೋ ಸವಳೋ ಎಂದು ನೋಡುವ, ಪೆನ್ನಿನಂಥ ಸಾಮಾನು. ಮುಚ್ಚಳ ತೆಗೆದೆ. ತುದಿಯ ಗಾಜಿನ ಗುಂಡು ಒಣಗಿ ಮಂಕಾಗಿತ್ತು. ಸುತ್ತ ಬಿಳಿ ಉಪ್ಪು ಕಟ್ಟಿತ್ತು. ನೋಡಿದ್ದೇ ತಡ, ಮಾಸ್ತರು ನೆನಪಾದರು. ನೆನಪಾಗಬಾರದು ಎಂದುಕೊಂಡೇ ದಿನ ದೂಡುತ್ತಿರುವ ಮನುಷ್ಯ ನಾನು...

ಅವರು ಬಸವನ ಬಾಗೇವಾಡಿಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಹೊಲವಿತ್ತು, ಹಳೆಯ ಕಾಲದ ದೊಡ್ಡ ಮನೆ, ವಾಡೆ, ಇತ್ತು. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಅವರು ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿದು ನಿಲ್ಲುವವರು ಊರಲ್ಲಿ ಇನ್ನೂ ಇದ್ದರು. ನಾನು ಅವರ ವಿದ್ಯಾರ್ಥಿಯಲ್ಲ. ಏಳನೇ ಇಯತ್ತೆಗೇ ಸಾಲಿ ಬಿಟ್ಟು ಸಿಂದಗಿಯ ಒಂದು ಮೋಟರ್ ವೈಂಡಿಂಗ್ ಅಂಗಡಿ ಸೇರಿದವನು. ಮುಂದೆ ಬಾಗೇವಾಡಿಯಲ್ಲೇ ಸ್ವಂತ ಅಂಗಡಿ ಹಾಕಿದೆ. ಮುಳವಾಡದ ನಮ್ಮ ಕೇರಿಯಿಂದ ಅಂಗಡಿ ಹಾಕಿದ ಮೊದಲಿಗ ನಾನೇ. ನಾನು ಸುತ್ತಿದ ಮೋಟರು ಸುಟ್ಟು ತಿರುಗಿ ಬಂದದ್ದಿಲ್ಲ. ಇದನ್ನು ಸೊಕ್ಕು ಅಂದರೂ ಸರಿ, ಹೇಳುವವನೇ ನಾನು.

ಮಾಸ್ತರ ಹೊಲದ ಮೋಟರು ನನ್ನ ಹತ್ತಿರವೇ ಬರುತ್ತಿತ್ತು. ಒಯ್ಯಲು ಬಂದಾಗೆಲ್ಲ ಅವರದು ಒಂದೇ ಮಾತು. "ಕೈ ಛಲೋ ಅದ ನಿಂದು. ತಲಿ ಇಲ್ಲ. ಸಾಲಿ ಕಲ್ತಿದ್ದಿ ಅಂದ್ರ..." ಅಷ್ಟಕ್ಕೇ ಬಿಡುತ್ತಿದ್ದರು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ತಂತಿ ಹಿಡಿದ ಪಕ್ಕಡ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದೆ. ಇವರೆದುರು ಮಾತ್ರ ಬಾಯಿ ಏಳುತ್ತಿರಲಿಲ್ಲ. ಅವರ ಬಾಯಿಂದ ಒಂದು ಸಲ, ಒಂದೇ ಸಲ, ಶಾಣ್ಯಾ, ಬುದ್ಧಿವಂತ ಅನ್ನಿಸಿಕೊಳ್ಳಬೇಕೆಂಬ ಆಸೆ ಇತ್ತು. ತಲೆಯಲ್ಲಿ ಬೆಳ್ಳಿಕೂದಲು ಬಂದರೂ ಹೋಗದ ಆಸೆ.

ಒಂದು ದಿನ ಅವರೇ ಅಂಗಡಿಗೆ ಬಂದು, ಮಹಡಿಯ ಖೋಲಿಯಲ್ಲಿ ಔಷಧಿ ಸಸಿ ಬೆಳೆಸುತ್ತೇನೆ, ಕಿಟಕಿ ಮುಚ್ಚಿ ಬರೀ ಲೈಟಿನ ಬೆಳಕಿನಲ್ಲಿ, ಬಂದು ಜೋಡಿಸಿ ಕೊಡು ಅಂದರು. ಬ್ರಾಹ್ಮಿ, ಅಶ್ವಗಂಧ ಎಂದೆಲ್ಲ ಹೆಸರು ಹೇಳಿದರು. ಫೋನಿನಲ್ಲಿ ನೋಡಿ ಜಾಂಬಳಿ, ಅಂದರೆ ನೇರಳೆ ಬಣ್ಣದ ಲೈಟು ಆರಿಸಿಟ್ಟಿದ್ದರು. ಬೇಡ ಅಂದೆ. ಜಾಂಬಳಿ ಬೆಳಕಿನಲ್ಲಿ ಎಲೆ ಹಳದಿಯಾದರೂ ಕಣ್ಣಿಗೆ ತಿಳಿಯುವುದಿಲ್ಲ, ಬಿಸಿಲಿನಂಥ ಬಿಳಿಯದೇ ಬೇಕು. ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬಬೇಡಿ, ಲೈಟಿನ ಬೆನ್ನಿಗೆ ದಪ್ಪ ಅಲ್ಯೂಮಿನಿಯಂ ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಬೇಗ ಸುಟ್ಟುಹೋಗುತ್ತದೆ ಅಂದೆ. ಅವರು ಕೇಳಿಸಿಕೊಂಡರು. ನಾನು ಹೇಳಿದ್ದನ್ನು ಮಾಸ್ತರು ಕೇಳಿಸಿಕೊಂಡರು! ಆ ದಿನ ಅಂಗಡಿ ಮುಚ್ಚುವಾಗ ಹಾಡು ಗುನುಗಿದ್ದೆ.

ವಾಡೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಹಿಂದಿನ ಬಾಗಿಲಿನಿಂದ, ಹಿತ್ತಲಿನ ಮೆಟ್ಟಿಲು ಹತ್ತಿ. ಲೈಟನ್ನು ಸರಪಳಿಗೆ ತೂಗುಹಾಕಿದೆ, ಸಸಿ ಎದ್ದ ಹಾಗೆ ಮೇಲಕ್ಕೆ ಏರಿಸಬಹುದು. ಎಲೆ ನಿಲ್ಲುವ ಜಾಗದಲ್ಲಿ ಅಂಗೈ ಹಿಡಿದು, ಸುಡದಷ್ಟು ಅಂತರಕ್ಕೆ ಕಟ್ಟಿದೆ. ಕುಂಡಗಳಲ್ಲಿ ಆಗಿನ್ನೂ ಬರೀ ತೆಂಗಿನ ನಾರಿನ ಪುಡಿ ಇತ್ತು. ಆಮೇಲೆ ಸಸಿಗೆ ಹಾಕುವ ನೀರು ನೋಡಲು ಇಂಥದೇ ಪಿಎಚ್ ಮೀಟರು. ಅದರ ಜೀವ ಇರುವುದು ತುದಿಯ ಗಾಜಿನಲ್ಲಿ, ಅದು ಒಣಗಬಾರದು ಅಂದೆ. ಮುಚ್ಚಳದೊಳಗೆ ಅದಕ್ಕೆಂದೇ ಕೊಟ್ಟ ಉಪ್ಪುನೀರು ಸದಾ ಇರಬೇಕು, ತೊಳೆದರೆ ಬ್ಯಾಟರಿಗೆ ಹಾಕುವ ನೀರಿನಲ್ಲೇ ತೊಳೆಯಬೇಕು, ತಿಕ್ಕಬಾರದು. ಲೆಕ್ಕ ಗೊತ್ತಿರುವ ಎರಡು ನೀರಿನ ಸೀಸೆಗಳಲ್ಲಿ ಅದ್ದಿ, ಸರಿಯಾಗಿ ತೋರಿಸುತ್ತದೆಯೋ ಎಂದು ಆಗಾಗ ಹದ ಮಾಡಬೇಕು. ಆ ಹದ ಮಾಡುವ ಕೆಲಸವನ್ನು ಮಾಸ್ತರು ನನಗೇ ಬಿಟ್ಟರು. ಸಸಿ ಎರಡೆಲೆ ಇದ್ದಾಗ ಒಮ್ಮೆ ಹೋಗಿ ಮಾಡಿ ಬಂದೆ. ಮೀಟರು ತಪ್ಪು ತೋರಿಸುತ್ತಿತ್ತು. ಹೊಸದು, ಹೀಗೇಕೆ ಎಂದು ತಲೆ ಕೆರೆದುಕೊಂಡು ಸರಿ ಮಾಡಿದೆ.

ಮುಂದೆ ಕೆಲವು ವಾರ ಕರೆ ಬರಲಿಲ್ಲ. ಬಂದಾಗ ಮಾಸ್ತರು ಫೋನಿನಲ್ಲೇ ಒದರಾಡಿದರು. ಸಸಿ ಎಲ್ಲ ಹಳದಿಯಾಗಿವೆ, ನಿನ್ನ ಮೀಟರು ನಂಬಿ ನೀರಿಗೆ ಆಸಿಡ್ ಹಾಕಿದ್ದೇ ತಪ್ಪಾಯಿತು, ತಲೆ ಇಲ್ಲದವನ ಕೈಗೆ ಕೊಟ್ಟೆ ಅಂದರು. ಓಡಿದೆ. ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲೇ ವಾಸನೆ ಬಂತು. ನಮ್ಮ ಕಡೆ ಹುಟ್ಟಿದವನಿಗೆ ಆ ವಾಸನೆ ಏನೆಂದು ಹೇಳಿಕೊಡಬೇಕಾಗಿಲ್ಲ. ಖೋಲಿ ತುಂಬ ಗಾಂಜಾ, ಸೊಂಟದೆತ್ತರ, ನಾನು ಕಟ್ಟಿದ ಲೈಟಿನ ಕೆಳಗೆ.

ಕೈ ರೂಢಿಯಂತೆ ಮೀಟರು ಹುಡುಕಿತು. ಅದು ಖೋಲಿಯಲ್ಲಿರಲಿಲ್ಲ. ಮಾಸ್ತರ ಹೆಂಡತಿ, ಬಾಯಾರು ಎಂದು ನಾವೆಲ್ಲ ಕರೆಯುತ್ತಿದ್ದವರು, ಕೆಳಗಿನ ಅಂಗಳದಿಂದ ತಂದರು. ಅಲ್ಲಿ ತೊಳೆದ ದೇವರ ಪಾತ್ರೆಗಳ ಆಚೆ, ಬೇರೆ ಕಲ್ಲಿನ ಮೇಲೆ, ಮುಚ್ಚಳ ತೆಗೆದು ಬಿಸಿಲಿಗೆ ಇಟ್ಟಿದ್ದರಂತೆ. ಗಾಜಿನ ಗುಂಡು ಸುಣ್ಣದ ಹರಳಾಗಿತ್ತು. ಬಿಸಿಲಿಗೆ ಯಾಕೆ ಇಟ್ಟಿರಿ ಎಂದು ಕೇಳಿದೆ.

"ನೀ ಮುಟ್ಟಿದ್ದಿ ಅಲ್ಲಪಾ," ಅಂದರು ಬಾಯಾರು, ಏನೂ ಕೆಟ್ಟ ಮನಸ್ಸಿಲ್ಲದೆ. "ಹಂಗ ಒಳಗ ತಗೋಲಿಕ್ಕೆ ಬರ್ತದೇನು? ನೀ ಹೋದ ಕೂಡ್ಲೆ ಬಿಸಿನೀರಾಗ ತೊಳದು ಒಣಗಿಸೇನಿ. ಅವತ್ತೂ, ಮೊದ್ಲಿನ ದಿನಾನೂ. ಇವ್ರು ಬಳಸಿದ ಮ್ಯಾಲೂ ನಿನ್ನ ನೆನಪಾಗಿ ತೊಳೀತೇನಿ."

ಮಾಸ್ತರು ನೆಲ ನೋಡಿದರು. ವಿಜ್ಞಾನ ಕಲಿಸಿದವರು. ಗಾಜು ಒಣಗಬಾರದು ಎಂದು ನಾನು ಹೇಳಿದಾಗ ಪಕ್ಕದಲ್ಲೇ ನಿಂತು ತಲೆಯಾಡಿಸಿದವರು. ಮನೆಯಲ್ಲಿ ಅದು ದಿನವೂ ಒಣಗುವುದನ್ನು ಕಂಡೂ ಬಾಯಿ ಬಿಟ್ಟಿರಲಿಲ್ಲ. ಹೆಂಡತಿಗೆ ಬೇಡ ಅನ್ನುವುದಕ್ಕಿಂತ ನನಗೆ ತಲೆ ಇಲ್ಲ ಅನ್ನುವುದು ಅವರಿಗೆ ಹಗುರವಾಗಿತ್ತು.

ಬಾಯಾರು ಕೆಳಗಿಳಿದ ಮೇಲೆ, ಇದೇನು ಬೆಳೆದೀರಿ ಅಂದೆ. ಔಷಧಿಯೇ, ಮೊಣಕಾಲು ನೋವಿಗೆ ಎಣ್ಣೆ ಮಾಡುತ್ತೇನೆ ಅಂದರು.

"ಖೋಲಿ ತುಂಬ ಬೆಳಿಯಾಕ ನಿಮಗ ಎಷ್ಟ ಮೊಣಕಾಲ ಅದಾವ್ರಿ, ಮಾಸ್ತರ?"

ಅವರೆದುರು ನಾನು ಎತ್ತಿ ಆಡಿದ ಮೊದಲ ಮಾತು ಅದು. ಲೈಟು ಬಿಚ್ಚಿ ಒಯ್ಯುತ್ತೇನೆ, ನನ್ನ ಕೈಕೆಲಸ ಇದರ ಮೇಲೆ ಇರುವುದು ಬೇಡ ಅಂದೆ. ಮುಟ್ಟಿದರೆ ನೋಡು ಅಂದರು. ಲೈಟು ಅವರದು, ಮನೆ ಅವರದು. ಬರಿಗೈಯಲ್ಲಿ ಇಳಿದು ಬಂದೆ. ಠಾಣೆಗೆ ಹೋಗಿ ಹೇಳಬಹುದಿತ್ತಲ್ಲ ಎಂದು ಈಗ ಕೇಳುವವರಿದ್ದಾರೆ. ಅವರ ಮಾತಿನ ಎದುರು ನನ್ನ ಮಾತು ಎಷ್ಟು ತೂಗುತ್ತಿತ್ತು ಎಂಬುದು ಕೇಳುವವರಿಗೂ ಗೊತ್ತು.

ತೂಕ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಯಾರು ಸುದ್ದಿ ಕೊಟ್ಟರೋ, ಪೊಲೀಸರು ವಾಡೆಗೆ ಬಂದರು. ನನ್ನನ್ನೂ ಅಂಗಡಿಯಿಂದ ಅಲ್ಲಿಗೇ ಕರೆದೊಯ್ದರು. ಅಂಗಳದಲ್ಲಿ ಓಣಿಯ ಜನ, ಪಂಚರು. ಮಾಸ್ತರು ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ ಕೈ ಮಾಡಿ ತೋರಿಸಿದರು.

"ನನಗೇನ್ ತಿಳೀತದ್ರಿ ಈ ಲೈಟು, ಈ ಮೀಟರು? ಔಷಧಿ ಸಸಿ ಅಂದ, ಖೋಲಿ ಕೊಟ್ಟೆ. ಎಲ್ಲಾ ಇವನ ತಲಿ. ಭಾಳ ಶಾಣ್ಯಾ ಅದಾನ್ರಿ ಇವ."

ಇಷ್ಟು ವರ್ಷ ಕಾದ ಮಾತು. ಊರ ಮಂದಿಯ ಎದುರು, ಗಟ್ಟಿ ದನಿಯಲ್ಲಿ ಅಂದರು... ಬಾಯಾರು ಬಾಗಿಲ ಮರೆಯಲ್ಲಿ ನಿಂತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು.

ಮಾಸ್ತರನ್ನೂ ನನ್ನನ್ನೂ ಒಯ್ದರು. ವಯಸ್ಸಾದವರೆಂದು ಅವರಿಗೆ ಬೇಗ ಜಾಮೀನು ಸಿಕ್ಕಿತು. ನಾನು ಬರುವಷ್ಟರಲ್ಲಿ ಅಂಗಡಿಯ ಬಾಗಿಲಿಗೆ ಜೇಡ ಕಟ್ಟಿತ್ತು. ರಿಪೇರಿಗೆ ಬಿಟ್ಟಿದ್ದ ಮೋಟರುಗಳನ್ನು ಜನ ಬೇರೆ ಕಡೆ ಒಯ್ದಿದ್ದರು. ಚಹಾದ ಅಂಗಡಿಯಲ್ಲಿ ಒಬ್ಬ ಅಂದ, "ಏನಪಾ ವಾಯರಮನ್, ನಮ್ಮನ್ಯಾಗೂ ಒಂದ್ ಲೈಟ್ ಹಾಕ, ತ್ವಾಟಾ ಮಾಡೂಣು." ಎಲ್ಲರೂ ನಕ್ಕರು. ಚಹಾ ಅಲ್ಲೇ ಬಿಟ್ಟು ಎದ್ದೆ. ಈಗಲೂ ಆ ಅಂಗಡಿಗೆ ಹೋಗುವುದಿಲ್ಲ.

ಕೋರ್ಟಿನ ತಾರೀಖುಗಳಲ್ಲಿ ಮಾಸ್ತರು ಸಿಗುತ್ತಿದ್ದರು. ಒಮ್ಮೆ ವರಾಂಡದ ಬೆಂಚಿನ ಮೇಲೆ ಪೇಪರು ಓದುತ್ತಿದ್ದವರು ತಲೆಯೆತ್ತಿ, ಧಂದೆ ಹೇಗಿದೆ ಎಂದು ಕೇಳಿದರು. ಏನೂ ಆಗಿಲ್ಲವೆಂಬಂತೆ. ಕೊಡುವ ಉತ್ತರವನ್ನು ತೀರ್ಪಿನ ದಿನಕ್ಕೆ ಎಂದು ಕಟ್ಟಿಟ್ಟಿದ್ದೆ. ಅದನ್ನು ಮನಸ್ಸಿನಲ್ಲಿ ತಿದ್ದುತ್ತ, ಚೂಪು ಮಾಡುತ್ತ ಇದ್ದೆ.

ಮೊನ್ನೆ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಊರಿನ ಅರ್ಧ ಮಂದಿ ಹೋಗಿದ್ದರು, ಬಹಳ ದೊಡ್ಡ ಮನುಷ್ಯ ಅಂದರಂತೆ. ನಾನು ಹೋಗಲಿಲ್ಲ. ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತಿದೆ. ನಡುವೆ ಸುತ್ತಿನ ಲೆಕ್ಕ ತಪ್ಪಿತು. ನನಗೆ ಹಾಗೆ ಆಗುವುದಿಲ್ಲ. ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದೆ.

ಈ ತಿಂಗಳ ತಾರೀಖಿಗೆ ಹೋಗಿದ್ದೆ. ಅವರ ಹೆಸರು ಹೊಡೆದುಹಾಕಿದ್ದಾರೆ, ಸತ್ತವರ ಮೇಲೆ ಖಟ್ಲೆ ನಡೆಯುವುದಿಲ್ಲವಂತೆ. ಎಲ್ಲ ಇವನ ತಲೆ ಎಂದು ಅವರು ಬರೆಸಿದ ಮಾತನ್ನು ಇನ್ನು ಅವರ ಬಾಯಿಂದ ಹಿಂದಕ್ಕೆ ತೆಗೆಸುವವರು ಯಾರೂ ಇಲ್ಲ. ಇಷ್ಟು ದಿನ ಮೊದಲು ಅವರ ಹೆಸರು, ಆಮೇಲೆ ನನ್ನದು ಕೂಗುತ್ತಿದ್ದರು. ಅವತ್ತು ನನ್ನದೊಂದನ್ನೇ ಕೂಗಿದರು. ಕಟಕಟೆಯಲ್ಲಿ ನಿಂತು, ರೂಢಿಯಿಂದ, ಅವರಿಗೆಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.