ಹೊಸ ರೂಟರ್‌ಗೆ ಬರದೇ ಹೋದ ಹೆಸರು

ವರ್ತೂರಿನ ನಮ್ಮ ಓನರ್ ಅಂಕಲ್ ತೀರಿಕೊಂಡು ಐದು ತಿಂಗಳಾಗಿತ್ತು. ಅವರು ಹಾಕಿಸಿದ್ದ ರೂಟರ್ ಗಳಿಗೆಗೊಮ್ಮೆ ಕೈಕೊಡತೊಡಗಿದ್ದರಿಂದ ಕಂಪನಿಯವರು ಹೊಸ ಮಾಡೆಲ್ ತಂದುಕೊಟ್ಟು ಹೋದರು. ಹಳೆಯದರ ಸೆಟ್ಟಿಂಗನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ ನನ್ನ ತಲೆಗೆ ಬಂತು. ವೈಟ್‌ಫೀಲ್ಡಿನ ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ "ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎನ್ನುವುದಷ್ಟೇ ನನ್ನ ಘನವಿದ್ಯೆ ಎಂಬುದು ಓನರ್ ಆಂಟಿಗೆ ಗೊತ್ತಿರಲಿಲ್ಲ.

ಆಂಟಿ ಕೇಳಿದ್ದು ಒಂದೇ. "ಅವ್ರು ಇಟ್ಟಿರೋ ಎಸ್ರು ಒಂದೂ ಓಗ್ಬಾರ್ದು ಕಣಪ್ಪ. ಇದ್ದಂಗೇ ಬರ್ಬೇಕು."

ಮೂರು ಮಹಡಿಗೂ ಒಂದೇ ರೂಟರ್. ಬಾಡಿಗೆಗೆ ಬಂದ ಪ್ರತಿಯೊಬ್ಬರ ಫೋನನ್ನೂ ಅಂಕಲ್ ತಾವೇ ಜೋಡಿಸಿ, ರೂಟರಿನ ಪಟ್ಟಿಯಲ್ಲಿ ಅದಕ್ಕೊಂದು ಹೆಸರು ಬರೆಯುತ್ತಿದ್ದರು. ದಾವಣಗೆರೆಯ ದಂಪತಿ 'ಬೆಣ್ಣೆ ಒಂದು', 'ಬೆಣ್ಣೆ ಎರಡು'. ಆಂಟಿ 'ಯಜಮಾನ್ರು'. ಅಂಕಲ್ ಸ್ವತಃ 'ನಾನೇ'. ನಾನು 'ಮೇಲಿನ ಕೋತಿ'. ಮೆಟ್ಟಿಲ ಮೇಲೆ ನಿಂತು ಅವರದೇ ಗಂಟಲಲ್ಲಿ "ಯಾರ್ಲಾ ಅದು, ಗೇಟ್ ಹಾಕ್ದೇ ಓದೋನು?" ಎಂದು ನಾನು ಗದರಿದರೆ ಬೆಣ್ಣೆ ಒಂದು ಓಡಿಹೋಗಿ ಗೇಟು ಹಾಕಿ ಬರುತ್ತಿದ್ದ. ಅಂಕಲ್ ಕೆಳಗೆ ಕೂತು, "ನಂಗಿಂತ ಚೆನ್ನಾಗ್ ಬಯ್ತಾನೆ ಕಣೇ ಈ ಕೋತಿ" ಎಂದು ನಗುತ್ತಿದ್ದರು. ಅವರು ಹೋದಮೇಲೆ ಆ ಗಂಟಲಲ್ಲಿ ನಾನು ಗದರಿಲ್ಲ.

ಪಟ್ಟಿಯನ್ನು ಒಂದು ಚೀಟಿಗೆ ಬರೆದುಕೊಂಡಿದ್ದರೆ ಮುಗಿಯುತ್ತಿತ್ತು. ಕಂಪ್ಯೂಟರ್ ಕಲಿತವನು ಚೀಟಿ ಬರೆಯುತ್ತಾನೆಯೇ? "ಬ್ಯಾಕಪ್ ತಗೊಂಡಿದೀನಿ ಆಂಟಿ, ಎರಡೇ ನಿಮಿಷ" ಎಂದು ಜಂಬದಿಂದ ಹಳೆಯದನ್ನು ಅಳಿಸಿ, ವಾಪಸ್ ಕೊಡಲು ಡಬ್ಬಿಗೆ ತುಂಬಿದೆ. ಹೊಸ ಮಾಡೆಲ್ ಆ ಫೈಲನ್ನು ಮೂಸಿಯೂ ನೋಡಲಿಲ್ಲ.

ಪರವಾಗಿಲ್ಲ, ಹೆಸರುಗಳು ಬಾಯಿಗೆ ಬರುತ್ತಿದ್ದವು. ಎಲ್ಲರ ಫೋನುಗಳನ್ನೂ ತರಿಸಿ, ಒಂದೊಂದನ್ನೇ ಜೋಡಿಸಿ ಹೆಸರು ಹಾಕಿದೆ. ನನ್ನ ಕೈಯಲ್ಲಿದ್ದ ಫೋನಿಗೆ 'ಮೇಲಿನ ಕೋತಿ' ಎಂದು ಬರೆದೆ.

ಯಾರ ಫೋನು ಮನೆಯಲ್ಲಿದೆ ಎಂದು ತೋರಿಸುವ ರೂಟರ್ ಆ್ಯಪನ್ನು ಆಂಟಿ ತಮ್ಮ ಮೊಬೈಲಿನಲ್ಲಿ ತೆರೆದರು. ಬೆರಳಿಟ್ಟು ಮೇಲಿಂದ ಕೆಳಕ್ಕೆ ಓದಿದರು. ಮತ್ತೆ ಮೇಲಿಂದ ಓದಿದರು.

"ಅವ್ರೆಲ್ಲಪ್ಪ?"

"ಯಾರು ಆಂಟಿ?"

"'ನಾನೇ' ಅಂತ ಇರ್ತಿತ್ತಲ್ಲ."

ಆಗ ಹೊಳೆಯಿತು. ನನ್ನ ಫೋನು ಬಕೆಟ್ಟಿಗೆ ಬಿದ್ದು ಸತ್ತಾಗ, ಸುಮ್ಮನೆ ಬಿದ್ದಿದೆ, ಬಳಸಿಕೋ ಎಂದು ಆಂಟಿ ಕೊಟ್ಟದ್ದು ಅಂಕಲ್ ಫೋನನ್ನು. ನಾಲ್ಕು ತಿಂಗಳಿಂದ ನಾನು ಹಿಡಿದುಕೊಂಡು ಓಡಾಡುತ್ತಿದ್ದರೂ ಹಳೆಯ ರೂಟರ್‌ಗೆ ಅದು 'ನಾನೇ'.

"ಸಂಜೆ ನೀನು ಗೇಟ್ ದಾಟ್ತಿದ್ದಂಗೇ ಅವ್ರ ಎಸ್ರ ಮುಂದೆ ಅಸಿರು ಚುಕ್ಕಿ ಬರೋದು" ಎಂದರು ಆಂಟಿ. "ನೀನೇ ಅಂತ ಗೊತ್ತು ಕಣಪ್ಪ, ನಂಗೇನ್ ತಲೆ ಕೆಟ್ಟಿಲ್ಲ. ಆದ್ರೂ, ಬಂದ್ರು ಅನ್ಕೊಂಡು ಸಾರು ಬಿಸಿಗಿಡ್ತಿದ್ದೆ."

ದಿನಾ ಸಂಜೆ ನನ್ನ ಬಾಗಿಲಿಗೆ ಬರುತ್ತಿದ್ದ ಆ ಬಿಸಿ ಸಾರು ನನ್ನ ಮುಖ ನೋಡಿ ಬರುತ್ತಿದೆ ಎಂದು ನಾನು ಬೀಗುತ್ತಿದ್ದೆ.

"ಒಂದ್ನಿಮಿಷ ಆಂಟಿ, ಈಗ್ಲೇ ಹಾಕ್ಬಿಡ್ತೀನಿ" ಎಂದು 'ಮೇಲಿನ ಕೋತಿ'ಯನ್ನು ಅಳಿಸತೊಡಗಿದೆ. ಆಂಟಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬ್ಯಾಡ, ಬುಡು. ನೀನ್ ಬರುದ್ರೆ ಅದು ಅವ್ರು ಬರ್ದಂಗಾಯ್ತದಾ?"

'ಮೇಲಿನ ಕೋತಿ'ಯನ್ನು ಇದ್ದಹಾಗೇ ಬಿಟ್ಟು ಪಟ್ಟಿಯನ್ನು ಮುಚ್ಚಿದೆ.

ಮಾರನೆಯ ಸಂಜೆ ನಾನು ಬಂದಾಗ ಆಂಟಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಮೊಬೈಲು ಮಗ್ಗುಲಲ್ಲೇ ಇತ್ತು, ನೋಡುತ್ತಿರಲಿಲ್ಲ.

"ಬಂದ್ಯಾ?" ಎಂದರು.

"ಬಂದೆ ಆಂಟಿ."

ನಾನು ಅವರನ್ನು ದಾಟಿ ಮೇಲೆ ಹತ್ತಿದೆ. ತಿರುಗಿ ನೋಡಿದರೆ, ಆಂಟಿ ಇನ್ನೂ ಗೇಟಿನ ಕಡೆಗೇ ನೋಡುತ್ತಿದ್ದರು.